ಭಾನುವಾರದ ಬಂದೂಕು

ಕಡೂರು
28 ಜನವರಿ 2024

ವನಜಾಕ್ಷಿ ಮೇಡಂಗೆ ಸುಮೇರಾಳ ಸಲಾಂ.

ನಿಮಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀವು ಎತ್ತಿದಿರಿ, ಉಸಿರು ಕೇಳಿಸಿತು, ಆಮೇಲೆ ಕಟ್ ಆಯಿತು. ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದುಕೊಂಡು ಸುಮ್ಮನಾದೆ. ಹೋದ ವಾರ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಶಕುಂತಲಮ್ಮ ನಮ್ಮ ನರ್ಸಿಂಗ್ ಹೋಮಿಗೆ ಬಂದಿದ್ದರು. ನಿಮ್ಮ ಗಂಟಲಿನ ಆಪರೇಷನ್ ವಿಷಯ ಅವರಿಂದ ತಿಳಿಯಿತು. "ಮಾತು ಪೂರ್ತಿ ಹೋಯ್ತು ಕಣಮ್ಮ. ಈಗ ಅಜ್ಜಂಪುರದಲ್ಲಿ ಅಕ್ಕನ ಮನೇಲವ್ರೆ. ಯಾರೂ ನೋಡಕ್ಕೆ ಬರಬ್ಯಾಡಿ ಅಂದವ್ರೆ," ಅಂದರು. ವಿಳಾಸ ಅವರೇ ಕೊಟ್ಟದ್ದು.

ಬರಬೇಡಿ ಅಂದಿದ್ದೀರಿ, ಬರುವುದಿಲ್ಲ. ಬರೆಯಬೇಡಿ ಅಂದಿಲ್ಲವಲ್ಲ.

ನಾನು ತರೀಕೆರೆಯ ಮನೆ ಬಿಟ್ಟು ಬಂದು ಎರಡು ವರ್ಷವಾಗುತ್ತಾ ಬಂತು. ಯಾಕೆ ಬಿಟ್ಟೆ ಅಂತ ನೀವು ಕೇಳುವವರಲ್ಲ, ನಾನೂ ಬರೆಯುವುದಿಲ್ಲ. ತಲಾಖ್ ಆಗಿದೆ. ಕಡೂರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ರೂಮಿನಲ್ಲಿದ್ದೇನೆ. ಗಿರಣಿ ಓಡುವಾಗ ನೆಲ ನಡುಗುತ್ತದೆ, ಲೋಟದೊಳಗಿನ ನೀರಿನಲ್ಲಿ ಸುತ್ತು ಸುತ್ತು ಅಲೆ ಏಳುತ್ತದೆ. ಗಿರಣಿ ನಿಂತ ಮೇಲೆ ಆ ನಡುಕ ಇದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಹಗಲು ನರ್ಸಿಂಗ್ ಹೋಮಿನಲ್ಲಿ ಬಿಲ್ ಬರೆಯುವ ಕೆಲಸ.

ಮುಖ್ಯ ಸುದ್ದಿ ಇನ್ನೊಂದಿದೆ. ನನ್ನ ಮದುವೆಗೆ ಎಲ್ಲರೂ ಪಾತ್ರೆ, ಸೀರೆ ಕೊಟ್ಟಾಗ ನೀವು ಕಾಲೇಜಿನಲ್ಲಿ ನನಗೆ ಗುರಿ ಕಲಿಸಿದ ನಿಮ್ಮ ಏರ್‌ಗನ್ ಕೊಟ್ಟಿರಿ. ಅತ್ತೆ ಮನೆಯಲ್ಲಿ ಅದು ಮಂಚದ ಕೆಳಗೇ ಇತ್ತು. ಹೊರಡುವಾಗ ಬಟ್ಟೆಯ ಜೊತೆ ನಾನು ಎತ್ತಿಕೊಂಡು ಬಂದದ್ದು ಅದೊಂದನ್ನೇ. ಈಗ ಅದು ದುಡಿಯುತ್ತಿದೆ.

ದೀಪಾವಳಿ ಆಸುಪಾಸಿನಲ್ಲಿ ಕೊಬ್ಬರಿ ವ್ಯಾಪಾರದ ಈರಭದ್ರಪ್ಪನವರು ಒಬ್ಬ ಆಳನ್ನು ಕರೆದುಕೊಂಡು ಬಂದಿದ್ದರು. ಗೋಡೌನಿನಲ್ಲಿ ಚೀಲ ಎತ್ತುವಾಗ ಹೆಗ್ಗಣ ಕೈ ಕಚ್ಚಿತ್ತು. ಬಿಲ್ ಬರೆಯುತ್ತಾ ಕೇಳಿದೆ, ಪಾಷಾಣ ಇಡಬಾರದೇ ಅಂತ.

"ಇಟ್ರೆ ಕೊಬ್ಬರಿ ರಾಶಿ ಒಳಗೇ ಸತ್ತು ಬೀಳ್ತಾವೆ ಕಣಮ್ಮ. ನಾತ ಹಿಡಿದ ಕೊಬ್ಬರಿ ಯಾರು ಕೊಳ್ತಾರೆ? ಬೆಕ್ಕು ತಂದು ಬಿಟ್ಟೆ. ಹೆಗ್ಗಣ ನೋಡಿ ಅದೇ ಅಟ್ಟ ಹತ್ತಿ ಕೂತ್ಕತು."

"ನನ್ನ ಹತ್ರ ಏರ್‌ಗನ್ ಇದೆ," ಅಂದೆ. ನಾನೇ ಅಂದೆನೋ ಬಾಯಿ ಅಂದಿತೋ. ಅವರು ನನ್ನನ್ನು ಒಮ್ಮೆ, ಬಿಲ್ಲನ್ನು ಒಮ್ಮೆ ನೋಡಿದರು.

ಅಂದಿನಿಂದ ಭಾನುವಾರಗಳಂದು ಹೋಗುತ್ತೇನೆ. ಆಳುಗಳಿಗೆ ರಜೆ, ಬೀಗ ತೆಗೆದುಕೊಟ್ಟು ಅವರೂ ಹೊರಟುಬಿಡುತ್ತಾರೆ. ಗೋಣಿಚೀಲದ ಮೇಲೆ ಮೊಣಕೈ ಊರಿ ಕೂರುತ್ತೇನೆ. ಮೊದಲು ಏನೂ ಇರುವುದಿಲ್ಲ. ಮನುಷ್ಯರ ಸದ್ದು ಅಡಗಿ ಬಹಳ ಹೊತ್ತಾದ ಮೇಲೆ ಗೋಡೆಯ ಬುಡದಲ್ಲಿ ಮೂಗು ಕಾಣಿಸುತ್ತದೆ. ನೀವು ಕಲಿಸಿದಂತೆ ಅರ್ಧ ಉಸಿರು ಬಿಟ್ಟು, ಅರ್ಧ ಹಿಡಿದು, ಬೆರಳನ್ನು ಅವಸರಪಡಿಸದೆ. ಒಂದೇ ಏಟಿಗೆ ಹೋಗಬೇಕು, ನರಳಬಾರದು ಅನ್ನುವುದು ನಾನೇ ಹಾಕಿಕೊಂಡ ನಿಯಮ.

ಗುರಿ ಹಿಡಿದದ್ದಕ್ಕೆ ನನಗೆ ಮೆಡಲ್ ಸಿಕ್ಕಿತ್ತು, ಸರ್ಟಿಫಿಕೇಟ್ ಸಿಕ್ಕಿತ್ತು. ಕೂಲಿ ಸಿಕ್ಕದ್ದು ಇದೇ ಮೊದಲು. ನಿಮಗೆ ಹೇಳಬೇಕು ಅನ್ನಿಸಿತು. ಹೇಳಿಕೊಳ್ಳಲು ಬೇರೆ ಯಾರೂ ಹೊಳೆಯಲಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸುಮೇರಾ


ಅಜ್ಜಂಪುರ
13 ಫೆಬ್ರವರಿ 2024

ಸುಮೇರಾ,

ಪತ್ರ ತಲುಪಿತು. ಕಡೂರಿನಿಂದ ಅಜ್ಜಂಪುರಕ್ಕೆ ಅಂಚೆ ಬರಲು ಎಷ್ಟು ದಿನ ಹಿಡಿಯಿತೋ ಅಷ್ಟರಲ್ಲಿ ನಡೆದೇ ಬಂದು ವಾಪಸ್ ಹೋಗಬಹುದಿತ್ತು.

ಫೋನ್ ಎತ್ತುವುದು ಹಳೆಯ ಅಭ್ಯಾಸ. ಎತ್ತಿದ ಮೇಲೆ ನೆನಪಾಗುತ್ತದೆ. ಈಗ ಅದನ್ನು ಜವರಮ್ಮಕ್ಕನ ದಿಂಬಿನ ಕೆಳಗೆ ಇಟ್ಟಿದ್ದೇನೆ. ಮೆಸೇಜ್ ಕಳಿಸಿ ಅನ್ನುತ್ತಾರೆ ಕೆಲವರು. ಕಳಿಸಿದ ತಕ್ಷಣ ಮತ್ತೊಂದು ಬರುತ್ತದೆ, ಉತ್ತರ ಕೊಡದಿದ್ದರೆ ಇನ್ನೊಂದು. ಕಾಗದವೇ ಸರಿ.

ಧ್ವನಿಪೆಟ್ಟಿಗೆ ತೆಗೆದಿದ್ದಾರೆ. ಕೊರಳಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದ. ಮೊನ್ನೆ ಪೆಟ್ಟಿಗೆಯಲ್ಲಿ ಹಳೆಯ ವಿಷಲ್ ಸಿಕ್ಕಿತು. ಬಾಯಿಗಿಟ್ಟು ಊದಿದೆ. ಗಾಳಿ ಕೊರಳಿನಿಂದ ಹೊರಟುಹೋಯಿತು. ಮೂವತ್ತೊಂದು ವರ್ಷ ಮೈದಾನವನ್ನು ವಿಷಲ್‌ನಲ್ಲಿ ಆಳಿದವಳು ನಾನು. ನೋಡಲು ಬರಬೇಡಿ ಅನ್ನುವುದು ಇದಕ್ಕೇ. ಜನ ಬಂದು ನನ್ನ ಕೊರಳು ನೋಡುತ್ತಾ ತಾವೂ ಪಿಸುಗುಟ್ಟುತ್ತಾರೆ. ನನಗೆ ಕಿವಿ ಕೇಳಿಸುತ್ತದೆ ಅನ್ನುವುದನ್ನೇ ಮರೆಯುತ್ತಾರೆ.

ಇನ್ನು ನಿನ್ನ ಮುಖ್ಯ ಸುದ್ದಿ. ಅದನ್ನು ಓದಿ ನನಗೆ ಸಂತೋಷವಾಗಲಿಲ್ಲ.

ನಮ್ಮ ತಂದೆಯ ಕಾಲದಿಂದ ನಮ್ಮದು ಬುದ್ಧನನ್ನು ಹಿಡಿದ ಮನೆ. ಜೀವ ತೆಗೆಯುವುದಿಲ್ಲ ಅಂತ ದಿನಾ ಬೆಳಿಗ್ಗೆ ಪಂಚಶೀಲ ಹೇಳಿಯೇ ಒಲೆ ಹಚ್ಚುವುದು. ಬಂದೂಕು ಕಲಿಸುವ ಕೆಲಸಕ್ಕೆ ಸೇರಿದಾಗ ತಂದೆ ನನ್ನನ್ನು ಕೂರಿಸಿಕೊಂಡು ಕೇಳಿದ್ದರು. ಕಾಗದಕ್ಕೆ ಮಾತ್ರ ಅಂತ ಮಾತು ಕೊಟ್ಟೆ. ಆ ಬಂದೂಕು ನನ್ನ ಕೈಯಲ್ಲಿದ್ದಷ್ಟು ಕಾಲ ಕಾಗದದ ಆಚೆ ಏನನ್ನೂ ಮುಟ್ಟಲಿಲ್ಲ. ನಿನಗೆ ಕೊಟ್ಟದ್ದು ನೀನು ಗುರಿ ಮರೆಯಬಾರದು ಅಂತ, ಗೋಡೌನಿನಲ್ಲಿ ಕೂತು ಕೊಲ್ಲಲಿ ಅಂತಲ್ಲ.

ಕೊಟ್ಟದ್ದನ್ನು ವಾಪಸ್ ಕೇಳುವುದು ಸಭ್ಯತೆಯಲ್ಲ. ಆದರೂ ಕೇಳುತ್ತಿದ್ದೇನೆ. ಬಸ್ಸಿನ ಪಾರ್ಸೆಲ್‌ಗೆ ಹಾಕು. ನೀನು ಬರುವುದು ಬೇಡ.

ವನಜಾಕ್ಷಿ


ಕಡೂರು
3 ಮಾರ್ಚ್ 2024

ಮೇಡಂ,

ನಿಮ್ಮ ಪತ್ರವನ್ನು ಓದಿ ಪಾರ್ಸೆಲ್ ಮಾಡಲೆಂದು ಬಂದೂಕಿಗೆ ಹಳೆಯ ದುಪಟ್ಟಾ ಸುತ್ತಿದೆ. ಸುತ್ತಿದ್ದನ್ನು ಮತ್ತೆ ಬಿಚ್ಚಿದೆ. ಕಳಿಸುವುದಿಲ್ಲ. ಕ್ಷಮಿಸಿ ಅಂತಲೂ ಬರೆಯುವುದಿಲ್ಲ, ಬರೆದರೆ ಸುಳ್ಳಾಗುತ್ತದೆ.

ನಿಮ್ಮ ತಂದೆಯವರಿಗೆ ನೀವು ಕೊಟ್ಟ ಮಾತು ನಿಮ್ಮದು. ನನ್ನಿಂದ ಯಾರೂ ಮಾತು ತೆಗೆದುಕೊಂಡಿರಲಿಲ್ಲ. ಮೈಸೂರಿನಲ್ಲಿ ರಾಜ್ಯ ಮಟ್ಟದಲ್ಲಿ ಗೆದ್ದು ಬಂದಾಗ ನೀವು ಹೇಳಿದಿರಿ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತದೆ ಅಂತ. ನಿಮ್ಮನ್ನು ದೂರುತ್ತಿಲ್ಲ, ನೀವೂ ಓಡಾಡಿದಿರಿ. ಸಿಗಲಿಲ್ಲ. ಆಮೇಲೆ ಮದುವೆ. ಆ ಮನೆಯಲ್ಲಿ ನನ್ನ ಕೈ ಏನು ಮಾಡಬಲ್ಲದು ಅಂತ ಯಾರಿಗೂ ಬೇಕಿರಲಿಲ್ಲ. ರೊಟ್ಟಿ ದುಂಡಗಿದೆಯೋ ಇಲ್ಲವೋ ಅಷ್ಟೇ.

ಈರಭದ್ರಪ್ಪನವರು ಮೊನ್ನೆ ತರೀಕೆರೆಯ ಅಡಿಕೆ ಮಂಡಿಯವರಿಗೆ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡೆ. "ನಮ್ ಕಡೂರಲ್ಲಿ ಒಬ್ಬರು ಮೇಡಂ ಅವ್ರೆ ಕಣ್ರೀ. ಕೂತ್ರೆ ಕಲ್ಲು ಕೂತಂಗೆ. ಹೊಡೆದ್ರೆ ಎರಡನೇ ಏಟಿಲ್ಲ." ಅದು ಅವರಿಗೆ ವ್ಯಾಪಾರದ ಮಾತು, ನನಗೆ ಗೊತ್ತು. ಆದರೂ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಆ ಮಾತನ್ನು ಇನ್ನೊಮ್ಮೆ ನನಗೆ ನಾನೇ ಹೇಳಿಕೊಂಡೆ.

ಇಲಿ ಕೊಂದು ಬಂದ ದಿನ ನನಗೂ ಊಟ ಸೇರುವುದಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಸೇರದಿದ್ದರೂ ಮುಂದಿನ ಭಾನುವಾರ ಹೋಗುತ್ತೇನೆ. ಈ ರೂಮಿನ ಬಾಡಿಗೆ ಅದರಿಂದ ನಡೆಯುತ್ತದೆ. ನರ್ಸಿಂಗ್ ಹೋಮಿನ ಸಂಬಳದಲ್ಲಿ ಊಟ ಮಾತ್ರ. ಈ ರೂಮು ಹೋದರೆ ತರೀಕೆರೆಯಲ್ಲಿ ತಮ್ಮ ಜಾವೀದನ ಮನೆಗೆ ಹೋಗಬೇಕು, ಅಲ್ಲಿ ಅವನ ಹೆಂಡತಿಯ ಅಡುಗೆಮನೆಯಲ್ಲಿ ಒಂದು ಮೂಲೆ ನನ್ನದಾಗುತ್ತದೆ.

ಸಿಟ್ಟು ಮಾಡಿಕೊಂಡಾದರೂ ಬರೆಯಿರಿ.

ಸುಮೇರಾ


ಕಡೂರು
19 ಮೇ 2024

ಮೇಡಂ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯವನನ್ನು ಕೇಳುವುದನ್ನೂ ಬಿಟ್ಟಿದ್ದೇನೆ. ನಾನು ಮೆಟ್ಟಿಲಿಳಿದು ಬರುವುದು ಕಂಡರೆ ದೂರದಿಂದಲೇ ತಲೆ ಆಡಿಸಿಬಿಡುತ್ತಾನೆ.

ಈದ್ ಆಯಿತು. ಜಾವೀದ್ ಕರೆದಿದ್ದ, ಹೋಗಲಿಲ್ಲ. ಆ ಬೀದಿಯಲ್ಲೇ ನನ್ನ ಹಳೆಯ ಮನೆಯೂ ಇದೆ. ಒಂದು ಹಿಡಿ ಶಾವಿಗೆ ಹಾಕಿ ಶೀರ್ ಖುರ್ಮಾ ಮಾಡಿದೆ. ಒಬ್ಬರಿಗಾಗುವಷ್ಟು ಮಾಡುವುದು ಎಷ್ಟು ಕಷ್ಟ ಗೊತ್ತೇ? ನಾಲ್ಕು ಜನರಿಗಾಗುವಷ್ಟು ಆಯಿತು. ಗಿರಣಿಯವರಿಗೆ ಕೊಟ್ಟೆ, ಡಬ್ಬಿ ತೊಳೆದು ಸಕ್ಕರೆ ಹಾಕಿ ವಾಪಸ್ ಕೊಟ್ಟರು.

ಒಂದು ವಿಷಯ ನಿಮಗೆ ಹೇಳಬೇಕು. ಹಿರೇನಲ್ಲೂರಿನ ಹತ್ತಿರ ಕಾಂತರಾಜ್ ಅಂತ ಒಬ್ಬರ ತೆಂಗಿನ ತೋಟವಿದೆ. ಕಡೂರಿನ ಕೊಬ್ಬರಿ ವ್ಯಾಪಾರದಲ್ಲಿ ಅವರ ಮಾತು ನಡೆಯುತ್ತದೆ. ಹೋದ ಭಾನುವಾರ ಅವರ ಗೋಡೌನಿಗೆಂದು ಕರೆಸಿದರು. ಹೋದರೆ ಗೋಡೌನಿನ ಬೀಗ ತೆಗೆಯದೆ ನೇರವಾಗಿ ತೋಟಕ್ಕೆ ಕರೆದುಕೊಂಡು ಹೋದರು. ಮಂಗಗಳು ಎಳನೀರು ಕಿತ್ತು ನೆಲಕ್ಕೆ ಚೆಲ್ಲಿದ್ದವು. ಸುಳ್ಳು ಹೇಳಬಾರದು, ನಷ್ಟ ನಿಜವಾಗಿಯೂ ದೊಡ್ಡದು.

"ಒಂದೆರಡು ಹೊಡೆದು ಉರುಳಿಸಿ ಮೇಡಂ. ಮಿಕ್ಕವು ಈ ಕಡೆ ತಲೆ ಹಾಕಲ್ಲ."

"ಮಂಗ ಹೊಡೆಯಂಗಿಲ್ಲ ಸಾರ್. ಕಾನೂನಿದೆ."

"ಯಾರು ನೋಡ್ತಾರೆ ಇಲ್ಲಿ? ಗುಂಡಿ ತೋಡಿಸೀನಿ ಆಗ್ಲೇ. ಇಲಿಗೆ ಕೊಡೋದರ ಹತ್ತರಷ್ಟು ಕೊಡ್ತೀನಿ ತಗಳಿ."

ಮೇಡಂ, ನಾನು ಬಂದೂಕು ಎತ್ತಿದೆ. ಅದನ್ನು ಮುಚ್ಚಿಡುವುದಿಲ್ಲ. ಹತ್ತಿರದ ಮರದ ತುದಿಯಲ್ಲಿ ಒಂದು ಮುದಿ ಗಂಡು ಕೂತಿತ್ತು. ಗುರಿಯೊಳಗೆ ಅದರ ಮುಖ ಬಂತು. ಅದು ನನ್ನನ್ನು ನೋಡುತ್ತಲೂ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡು ಮುಂದಿನದಕ್ಕೆ ಕಾಯುವವರ ಹಾಗೆ ಕಾಲಿನ ಬೆರಳು ಕೆರೆದುಕೊಳ್ಳುತ್ತಾ ಕೂತಿತ್ತು. ಉಳಿದ ಮಂಗಗಳು ದೂರದಲ್ಲಿದ್ದವು. ಗುಂಪಿನಿಂದ ಅದನ್ನು ಹೊರಹಾಕಿದ್ದಿರಬೇಕು. ಅರ್ಧ ಉಸಿರು ಹಿಡಿದೆ. ಆ ಉಸಿರು ಮುಗಿಯಿತು. ಇನ್ನೊಂದು ಹಿಡಿಯಲು ಮನಸ್ಸಾಗಲಿಲ್ಲ.

"ಆಗಲ್ಲ ಸಾರ್," ಅಂದೆ.

"ಇಲಿ ಜೀವ ಜೀವ ಅಲ್ವಾ ಹಂಗಾರೆ?" ಅಂದರು.

ನೀವೇ ನಿಂತು ಕೇಳಿದ ಹಾಗಿತ್ತು. ಬಿಸಿಲಿನಲ್ಲಿ ರಸ್ತೆಗೆ ನಡೆದು ಬಂದು ಬಸ್ಸು ಹತ್ತಿದೆ.

ಸುಮೇರಾ


ಕಡೂರು
25 ಆಗಸ್ಟ್ 2024

ಮೇಡಂ,

ಇದಕ್ಕೂ ಉತ್ತರ ಬೇಡ. ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಕೆಲಸ ನಿಂತಿದೆ. ಕಾಂತರಾಜ್ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ, ಹೆಂಗಸು ಬಂದೂಕು ಹಿಡ್ಕೊಂಡು ಓಡಾಡ್ತಾಳೆ, ನಾಳೆ ಪೊಲೀಸ್ ಬಂದ್ರೆ ನಿಮ್ಮ ಗೋಡೌನಿಗೇ ಬೀಗ ಅಂತ. ಇದು ಲೈಸೆನ್ಸ್ ಬೇಡದ ಬಂದೂಕು ಅಂತ ಅವರಿಗೂ ಗೊತ್ತು. ತರೀಕೆರೆಯ ಅಡಿಕೆ ಮಂಡಿಯವರು ಫೋನ್ ಎತ್ತುವುದಿಲ್ಲ. ಈರಭದ್ರಪ್ಪನವರು ಮಾತ್ರ ಎದುರಿಗೇ ಹೇಳಿದರು. "ಕಾಂತರಾಜ ನಮ್ ಮಾಲು ಎತ್ತೋ ಮನುಷ್ಯ ಕಣಮ್ಮ. ಸ್ವಲ್ಪ ದಿನ ತಡ್ಕ." ತಲೆ ತಗ್ಗಿಸಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ಭಾನುವಾರ ಏನು ಮಾಡಬೇಕೋ ತಿಳಿಯುವುದಿಲ್ಲ. ಬಟ್ಟೆ ಒಗೆದು ಹರವಿದರೆ ಇನ್ನೂ ಹತ್ತು ಗಂಟೆ. ಯಾರೂ ಇಲ್ಲದ ಗೋಡೌನಿನಲ್ಲಿ ಇಡೀ ದಿನ ಒಬ್ಬಳೇ ಕೂರುತ್ತಿದ್ದಾಗ ಒಂಟಿ ಅನ್ನಿಸುತ್ತಿರಲಿಲ್ಲ. ಅಲ್ಲಿ ನಾನು ಯಾವುದಕ್ಕೋ ಕಾಯುತ್ತಿದ್ದೆ.

ಜಾವೀದ್ ಬಂದಿದ್ದ. "ಮನೆಗೆ ಬಂದ್ಬಿಡು ಆಪಾ. ಹಿಂದ್ಗಡೆ ರೂಮು ಖಾಲಿ ಮಾಡಿಸ್ತೀನಿ. ಅದೊಂದು ಬಂದೂಕು ಮಾರ್ಬಿಡು, ಮಕ್ಕಳಿರೋ ಮನೆ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ದಸರಾದವರೆಗೆ ನೋಡುತ್ತೇನೆ ಅಂದಿದ್ದೇನೆ.

ಸುಮೇರಾ


ಅಜ್ಜಂಪುರ
22 ಸೆಪ್ಟೆಂಬರ್ 2024

ಸುಮೇರಾ,

ನಿನ್ನ ಪತ್ರಗಳೆಲ್ಲ ಬಂದಿವೆ. ಒಂದೊಂದಕ್ಕೂ ಉತ್ತರ ಬರೆಯಲು ಕೂತು, ಬರೆಯದೆ ಎದ್ದಿದ್ದೇನೆ.

ಜವರಮ್ಮಕ್ಕನಿಗೆ ಸಕ್ಕರೆ ಕಾಯಿಲೆ, ಬಹಳ ವರ್ಷದ್ದು. ಕಾಲಿನಲ್ಲಿ ಸ್ಪರ್ಶವಿಲ್ಲ. ಬಿಸಿ ನೀರು ಬಿದ್ದರೂ ತಿಳಿಯುವುದಿಲ್ಲ. ಜುಲೈನಲ್ಲಿ ಒಂದು ಬೆಳಿಗ್ಗೆ ಹೊದಿಕೆ ತೆಗೆದರೆ ಹಾಸಿಗೆಯಲ್ಲಿ ರಕ್ತ. ಎಡಗಾಲಿನ ಕಿರುಬೆರಳನ್ನು ಹೆಗ್ಗಣ ತಿಂದಿತ್ತು. ತಿನ್ನುವಾಗ ಅಕ್ಕ ನಿದ್ದೆಯಲ್ಲಿದ್ದಳು. ಎಚ್ಚರವಾಗುವಷ್ಟು ನೋವೂ ಅವಳಿಗೆ ಆಗಲಿಲ್ಲ. ಗಾಯ ಕೆಟ್ಟಿತು. ಶಿವಮೊಗ್ಗದಲ್ಲಿ ಬೆರಳು ತೆಗೆದರು, ಆಮೇಲೆ ಪಕ್ಕದ್ದನ್ನೂ.

ಬೋನು ಇಟ್ಟೆ. ಹೆಗ್ಗಣ ಬೋನಿನ ಮೇಲೆ ಹತ್ತಿ ಹೋಯಿತು. ಬಿಲಕ್ಕೆ ಗಾಜಿನ ಚೂರು, ಸಿಮೆಂಟು ತುಂಬಿಸಿದೆ. ಪಕ್ಕದಲ್ಲಿ ಇನ್ನೊಂದು ತೋಡಿತು. ಕಡೆಗೆ ಅಂಗಡಿಗೆ ಹೋಗಿ ಚೀಟಿಯಲ್ಲಿ ಬರೆದು ತೋರಿಸಿ ಪಾಷಾಣ ತಂದೆ. ಉಂಡೆ ಮಾಡಿ ಇಟ್ಟವಳು ನಾನೇ. ಬೆಳಿಗ್ಗೆ ಶೀಲ ಹೇಳಿದ ತುಟಿ ಇದೇ, ಉಂಡೆ ಕಟ್ಟಿದ ಕೈ ಇದೇ. ಹೆಗ್ಗಣ ಮುಟ್ಟಲಿಲ್ಲ. ಎದುರು ಮನೆಯವರ ನಾಯಿ ತಿಂದಿತು. ಬಹಳ ಹೊತ್ತು ಒದ್ದಾಡಿ ಸತ್ತಿತು. ಆ ಮನೆಯವರಿಗೆ ನಡೆದದ್ದನ್ನು ಕಾಗದದಲ್ಲಿ ಬರೆದು ಕೊಟ್ಟೆ. ಓದಿ, ಮಡಚಿ ವಾಪಸ್ ಕೊಟ್ಟರು. ದಿನಾ ಸಾರು ಕೊಟ್ಟು ಹೋಗುತ್ತಿದ್ದವರು ಈಗ ಬರುವುದಿಲ್ಲ.

ಮೊನ್ನೆ ಮತ್ತೆ ಕಚ್ಚಿದೆ. ಈ ಸಲ ಹಿಮ್ಮಡಿ. ನಾನು ಕಾವಲು ಕೂರುತ್ತೇನೆ, ಕೋಲಿನಿಂದ ನೆಲ ಬಡಿಯುತ್ತೇನೆ. ನನಗೂ ಅರವತ್ತೆಂಟು, ಕಣ್ಣು ಮುಚ್ಚಿಹೋಗುತ್ತದೆ.

ನೀನು ಬರಬೇಕು. ಬಂದೂಕು ತಾ.

ಎಲ್ಲರಿಗೂ ಎಷ್ಟು ತೆಗೆದುಕೊಳ್ಳುತ್ತೀಯೋ ಅಷ್ಟೇ ಕೂಲಿ ನನ್ನಿಂದಲೂ ತೆಗೆದುಕೊಳ್ಳಬೇಕು. ಬೇಡ ಅನ್ನುವುದಾದರೆ ಬರಬೇಡ.

ವನಜಾಕ್ಷಿ


ಕಡೂರು
8 ಅಕ್ಟೋಬರ್ 2024

ಮೇಡಂ,

ನಿನ್ನೆ ಸಂಜೆ ಅಜ್ಜಂಪುರದಿಂದ ರೂಮಿಗೆ ಬಂದೆ. ನಿಮ್ಮ ಮನೆಯಲ್ಲಿ ನಾನು ಮಾತಾಡುತ್ತಿದ್ದೆ, ನೀವು ಸ್ಲೇಟಿನಲ್ಲಿ ಬರೆಯುತ್ತಿದ್ದಿರಿ. ನೀವು ಒಂದು ಸಾಲು ಬರೆಯುವಷ್ಟರಲ್ಲಿ ನಾನು ಹತ್ತು ಮಾತಾಡಿಬಿಡುತ್ತಿದ್ದೆ. ಆಮೇಲೆ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ. ಕಾಗದದಲ್ಲಾದರೆ ನಾವಿಬ್ಬರೂ ಸಮ. ಅದಕ್ಕೇ ಅಲ್ಲಿ ಹೇಳದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ನೀವು ತೆಳ್ಳಗಾಗಿದ್ದೀರಿ. ಬಾಗಿಲಲ್ಲಿ ನಿಂತದ್ದು ನೀವು ಅಂತ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಅದು ನಿಮಗೆ ಕಂಡಿತು ಅಂತಲೂ ನನಗೆ ಗೊತ್ತು.

ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ನೀವು ಅಕ್ಕನ ಮಂಚದ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿರಿ. ಮೋರಿಯ ಬಾಯಲ್ಲಿ ಅದು ಮೂಗು ಹಾಕಿತು, ಹಿಂದೆ ಹೋಯಿತು, ಮತ್ತೆ ಬಂದು ಪೂರ್ತಿ ಹೊರಗೆ ನಿಂತಿತು. ನಾನು ಕಂಡ ಹೆಗ್ಗಣಗಳಲ್ಲೇ ದೊಡ್ಡದು. ಒಂದೇ ಏಟು. ಆ ಸದ್ದಿಗೆ ನಿಮ್ಮ ಭುಜ ಎಗರಿತು. ಮೈದಾನದಲ್ಲಿ ದಿನಕ್ಕೆ ಸಾವಿರ ಸಲ ಆ ಸದ್ದು ಕೇಳಿದ ಭುಜ. ಆಗ ನನಗೆ ನಿಮ್ಮ ತಂದೆಯವರ ನೆನಪಾಯಿತು, ನಾನು ಅವರನ್ನು ನೋಡೇ ಇಲ್ಲದಿದ್ದರೂ.

ಆಮೇಲೆ ನೀವು ಹಾಲು ತರಲು ಹೋದಿರಿ. ನಡೆದದ್ದು ಅಲ್ಲಿಗೆ ಮುಗಿಯಲಿಲ್ಲ. ಸತ್ತದ್ದು ಹೆಣ್ಣು, ಮೊಲೆಯಲ್ಲಿ ಹಾಲಿತ್ತು. ಮೋರಿಯ ಕಲ್ಲು ಎತ್ತಿ ತೋಡಿದೆ. ಮರಿಗಳಿದ್ದವು, ಕಣ್ಣು ಬಿಟ್ಟಿರಲಿಲ್ಲ. ಬಿಟ್ಟರೆ ಹಸಿದು ಸಾಯುತ್ತವೆ, ಬದುಕಿದರೆ ಅಕ್ಕನ ಕಾಲಿಗೆ ಬರುತ್ತವೆ. ಮುಗಿಸಿದೆ. ಅದಕ್ಕೆ ಬಂದೂಕು ಬೇಕಾಗಲಿಲ್ಲ. ಹಿತ್ತಲಿನ ಸೀಬೆ ಗಿಡದ ಆಚೆ ಹೂತಿದ್ದೇನೆ. ಇದನ್ನು ಮುಚ್ಚಿಟ್ಟು ನಿಮ್ಮ ಕೂಲಿ ಖರ್ಚು ಮಾಡಲು ನನ್ನಿಂದಾಗಲಿಲ್ಲ. ಲಕೋಟೆ ಹಾಗೇ ಇದೆ.

ಕೈ ತೊಳೆದು ಬಂದಾಗ ಜವರಮ್ಮನವರು ಎದ್ದಿದ್ದರು. ಹತ್ತಿರ ಕರೆದು ಕೂರಿಸಿಕೊಂಡರು.

"ನಿನ್ ಕಾಗದ ಬಂದ್ರೆ ಇವಳು ಹಿತ್ತಲ ಬಾಗಿಲಲ್ಲಿ ಕೂತು ಓದ್ತಾಳೆ ಕಣವ್ವ. ಬಾಯಾಡಿಸ್ಕಂಡು ಓದ್ತಾಳೆ. ಸದ್ದಿಲ್ಲ. ಏನ್ ಬರದವ್ಳೆ ಹೇಳೇ ಅಂದ್ರೆ ಸ್ಲೇಟ್ ಎತ್ಕಳಲ್ಲ. ಮಡಚಿ ಸೊಂಟಕ್ಕೆ ಸಿಗಿಸ್ಕತಾಳೆ."

ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡು, "ನಂಗೆ ಸಾವಿನ ಭಯ ಇಲ್ಲ ಕಣವ್ವ. ನಾನಿದ್ರೆ ಇವಳ ಪರವಾಗಿ ಯಾರನ್ನಾರ ಕೂಗ್ತೀನಿ. ನಾ ಹೋದ್ಮೇಲೆ ಇವಳು ಎಲ್ಲಾರ ಬಿದ್ರೆ ಕೂಗಕ್ಕೂ ಆಗಾಕಿಲ್ಲ," ಅಂದರು.

ಅಷ್ಟರಲ್ಲಿ ನೀವು ಹಾಲು ತಂದಿರಿ. ನಾನೂ ಜವರಮ್ಮನವರೂ ಮಾತು ಬದಲಿಸಿ ಮಳೆಯ ವಿಷಯ ತೆಗೆದೆವು.

ಸುಮೇರಾ


ಅಜ್ಜಂಪುರ
29 ಅಕ್ಟೋಬರ್ 2024

ಸುಮೇರಾ,

ಮರಿಗಳ ವಿಷಯ ನನಗೆ ಆಗಲೇ ತಿಳಿದಿತ್ತು. ಹಾಲು ತಂದಾಗ ಮೋರಿಯ ಹತ್ತಿರದ ಮಣ್ಣು ಹೊಸದಾಗಿತ್ತು, ನಿನ್ನ ಮುಖ ಬಿಳಿಚಿಕೊಂಡಿತ್ತು. ಕೇಳಲಿಲ್ಲ. ಕೇಳದೇ ಇದ್ದದ್ದು ಹೇಡಿತನ. ಕೊಂದವಳು ನೀನಲ್ಲ, ಕರೆಸಿದವಳು ನಾನು.

ಕೂಲಿ ಖರ್ಚು ಮಾಡು. ಬೆಚ್ಚಗಿನ ಹೊದಿಕೆ ತೆಗೆದುಕೋ, ನಿನ್ನ ಶಾಲು ತೂತಾಗಿದೆ.

ಅಕ್ಕನ ಹಿಮ್ಮಡಿ ಒಣಗುತ್ತಿದೆ. ನಾನೂ ಮಲಗುತ್ತಿದ್ದೇನೆ. ಅವಳು ನಿನಗೆ ಏನೇನು ಹೇಳಿದಳೋ ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ನನ್ನನ್ನು ನೋಡಿಕೊಳ್ಳಿ ಅಂತ ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಾಳೆ.

ವನಜಾಕ್ಷಿ


ಅಜ್ಜಂಪುರ
21 ಜನವರಿ 2025

ಸುಮೇರಾ,

ಅಕ್ಕ ತೀರಿಕೊಂಡಳು. ಸಂಕ್ರಾಂತಿಯ ಹಿಂದಿನ ವಾರ. ಕಾಲಿನಿಂದಲ್ಲ, ಹೃದಯ ನಿಂತಿತು. ನಿನಗೆ ಫೋನ್ ಮಾಡಿಸಬೇಕಿತ್ತು. ಯಾರನ್ನಾದರೂ ಕೇಳಿಕೊಳ್ಳಬೇಕಲ್ಲ ಅಂತ ಸುಮ್ಮನಾದೆ. ಎದುರು ಮನೆಯವರು ಬಂದಿದ್ದರು, ಎಲ್ಲ ಅವರೇ ನಿಂತು ಮಾಡಿದರು.

ನಾನು ಚೆನ್ನಾಗಿದ್ದೇನೆ.

ವನಜಾಕ್ಷಿ


ಕಡೂರು
2 ಫೆಬ್ರವರಿ 2025

ಮೇಡಂ,

ಜವರಮ್ಮನವರ ಸುದ್ದಿ ಓದಿದೆ. ನನ್ನನ್ನು ಕಣವ್ವ ಅಂತ ಕರೆದವರು ಅವರೊಬ್ಬರೇ.

ಆಮೇಲೆ ನಿಮ್ಮ ಪತ್ರವನ್ನು ಮತ್ತೆ ನೋಡಿದೆ. ಆ ಅಕ್ಷರ ನಿಮ್ಮದಲ್ಲ. ಎಡಗೈಯಲ್ಲಿ ಬರೆದಿದ್ದೀರಿ. ಶಕುಂತಲಮ್ಮನವರಿಗೆ ಫೋನ್ ಮಾಡಿದೆ, ಅವರು ನಿಮ್ಮ ಎದುರು ಮನೆಗೆ ಮಾಡಿದರು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದಿದೆಯಂತೆ. ಬೆಳಿಗ್ಗೆ ಬಿದ್ದವರು ಮಧ್ಯಾಹ್ನದವರೆಗೆ ಚೊಂಬಿನಿಂದ ಹಂಡೆಯನ್ನು ಬಡಿಯುತ್ತಿದ್ದಿರಂತೆ. ಬೀದಿಯವರು ಪಾತ್ರೆಗೆ ಕಲಾಯಿ ಹಾಕುವವನು ಬಂದಿದ್ದಾನೆ ಅಂದುಕೊಂಡರಂತೆ. ನೀವು ಚೆನ್ನಾಗಿದ್ದೇನೆ ಅಂತ ಬರೆದಿದ್ದೀರಿ.

ನಾನು ಕನಿಕರದಿಂದ ಬರೆಯುತ್ತಿಲ್ಲ, ಹಾಗೆ ಓದಬೇಡಿ. ನನಗೊಂದು ಬಾಡಿಗೆ ರೂಮು ಬೇಕು. ಗಿರಣಿಯವರು ಇದನ್ನು ಗೋಡೌನ್ ಮಾಡುತ್ತಾರಂತೆ, ಯುಗಾದಿಯೊಳಗೆ ಬಿಡಬೇಕು. ಜಾವೀದನ ಮನೆಗೆ ಹೋಗಲು ನನಗೆ ಇಷ್ಟವಿಲ್ಲ. ದಸರಾ ಆದಾಗಿನಿಂದ ಈರಭದ್ರಪ್ಪನವರು ಮತ್ತೆ ಕರೆಯುತ್ತಿದ್ದಾರೆ. ಕಾಂತರಾಜ್ ಅವರ ಗೋಡೌನಿನಲ್ಲೇ ಹೆಗ್ಗಣ ಹೆಚ್ಚಾಗಿ ಅವರೂ ಬಾಯಿ ಮುಚ್ಚಿಕೊಂಡಿದ್ದಾರಂತೆ. ಅಜ್ಜಂಪುರದಲ್ಲಿ ಈರುಳ್ಳಿ ಗೋಡೌನಿನವರು ಇಬ್ಬರು ಕೇಳಿದ್ದಾರೆ. ಬಿಲ್ ಬರೆಯುವ ಕೆಲಸಕ್ಕೆ ಅಲ್ಲಿಂದ ಕಡೂರಿಗೆ ರೈಲಿನಲ್ಲಿ ಓಡಾಡುತ್ತೇನೆ.

ನಿಮ್ಮ ಮುಂದಿನ ಕೋಣೆ ಬಾಡಿಗೆಗೆ ಕೊಡುತ್ತೀರಾ?

ಒಂದು ಮಾತು ಮೊದಲೇ ಹೇಳಬೇಕು. ನಾನು ಆ ಕೆಲಸ ಬಿಡುವುದಿಲ್ಲ. ಭಾನುವಾರ ಕೊಂದು ಬಂದು ನಿಮ್ಮ ಮನೆಯ ಹೊಸ್ತಿಲು ದಾಟುತ್ತೇನೆ. ನಿಮ್ಮ ಕೈಲಿ ಅದನ್ನು ಸಹಿಸಲು ಆಗುತ್ತದೆಯೋ ಇಲ್ಲವೋ, ಯೋಚಿಸಿ ಬರೆಯಿರಿ. ಆಗುವುದಿಲ್ಲ ಅಂದರೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ಬೇರೆ ರೂಮು ಅದೇ ಬೀದಿಯಲ್ಲಿ ಹುಡುಕುತ್ತೇನೆ.

ಸುಮೇರಾ


ಅಜ್ಜಂಪುರ
16 ಫೆಬ್ರವರಿ 2025

ಸುಮೇರಾ,

ಎಡಗೈ ಬರಹ, ನಿಧಾನವಾಗಿ ಓದು.

ಯೋಚಿಸಿದೆ. ನೀನು ಮಾಡುವುದು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅನ್ನಿಸುತ್ತದೆ ಅಂತ ಬರೆದರೆ ನೀನು ನಂಬುವುದೂ ಇಲ್ಲ. ಭಾನುವಾರ ಸಂಜೆ ನಾನು ಮುಖ ಸಿಂಡರಿಸಿಕೊಂಡಿರುತ್ತೇನೆ. ಸೋಮವಾರ ಸರಿಹೋಗುತ್ತೇನೆ. ನೀನು ಸಹಿಸಬೇಕು.

ಮುಂದಿನ ಕೋಣೆ ಅಕ್ಕನದಾಗಿತ್ತು. ಮಂಚ ಹಾಗೇ ಇದೆ, ಹಾಸಿಗೆ ಹೊಸದು ಮಾಡಿಸಿದ್ದೇನೆ. ಬಾಡಿಗೆ ತೆಗೆದುಕೊಳ್ಳುತ್ತೇನೆ.

ಈ ಮನೆಯಲ್ಲಿ ಬೆಳಿಗ್ಗೆ ಅಕ್ಕ ಜೋರಾಗಿ ಶೀಲ ಹೇಳುತ್ತಿದ್ದಳು, ನಾನು ಅವಳ ಜೊತೆ ತುಟಿ ಆಡಿಸುತ್ತಿದ್ದೆ. ಈಗ ತುಟಿ ಮಾತ್ರ ಆಡುತ್ತದೆ. ಹಾಲು ಉಕ್ಕಿದರೆ ಅದೇ ದೊಡ್ಡ ಸದ್ದು. ನೀನು ನಿನ್ನ ನಮಾಜ್ ಮಾಡಿಕೋ. ಮನೆಯಲ್ಲಿ ಹೆಂಗಸರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ ಅಂತ ನನಗೆ ಗೊತ್ತು. ನಿನ್ನ ಧರ್ಮಕ್ಕೆ ಅಡ್ಡಿಯಿಲ್ಲದಿದ್ದರೆ ಸ್ವಲ್ಪ ಕೇಳಿಸುವ ಹಾಗೆ ಹೇಳು.

ರಂಜಾನ್ ಶುರುವಾಗುವ ಮೊದಲೇ ಬಾ. ಸಾಮಾನು ಸಾಗಿಸಲು ಎದುರು ಮನೆಯವರ ಟೆಂಪೋ ಹೇಳಿದ್ದೇನೆ, ಒಪ್ಪಿದ್ದಾರೆ.

ಬಂದಾಗ ಬಾಗಿಲು ತಟ್ಟಿ ಕಾಯಬೇಡ. ಯಾರು ಅಂತ ಒಳಗಿನಿಂದ ಕೇಳಲು ನನ್ನಿಂದಾಗುವುದಿಲ್ಲ. ಅಗುಳಿ ಹಾಕಿರುವುದಿಲ್ಲ. ತಳ್ಳಿಕೊಂಡು ಒಳಗೆ ಬಾ.

ವನಜಾಕ್ಷಿ